ಒಂದು ತಂತಿ, ಎರಡು ಕಂಪ್ಯೂಟರ್: ಡಯಲ್-ಅಪ್ ಕಾಲದ ಒಂದು ಮನೆಚರಿತ್ರೆ



2025ರ ದೀಪಾವಳಿಗೆ ಮಗನ ಸಂಸಾರ ಬೆಂಗಳೂರಿನಿಂದ ಸಾಗರದ ನಮ್ಮ ಮನೆಗೆ ಬಂದಿತ್ತು. ಮೊಮ್ಮಗ ಬಂದವನೇ ಚಪ್ಪಲಿ ಬಿಡುವ ಮೊದಲೇ ವೈ-ಫೈ ಗುಪ್ತಪದ ಕೇಳಿದ. ಕೊಟ್ಟೆ. ಹತ್ತು ನಿಮಿಷದಲ್ಲಿ ದೂರು ಬಂದಿತು: "ಅಜ್ಜ, ನಿಮ್ಮನೆ ವೈ-ಫೈ ತುಂಬಾ ಸ್ಲೋ!" ಅವನ ತಂದೆ ನಕ್ಕು, "ಇದೇ ಮನೆಯಲ್ಲಿ ನಾನು, ನಿನ್ನ ಅತ್ತೆ ಇಬ್ಬರೂ ಸೇರಿ ಒಂದು ಫೋನ್ ತಂತಿಯಲ್ಲಿ ಬರುತ್ತಿದ್ದ ಇಂಟರ್ನೆಟ್ಟನ್ನು ಹಂಚಿಕೊಂಡಿದ್ದೆವು ಕಣೋ" ಎಂದ. ಹುಡುಗನಿಗೆ ಅರ್ಥವಾಗಲಿಲ್ಲ. "ಫೋನ್ ಮಾಡಿ ಇಂಟರ್ನೆಟ್ ತರಿಸ್ತಿದ್ರಾ?" ಎಂದು ಕೇಳಿದ.

ಪ್ರಶ್ನೆ ಹಾಸ್ಯದಂತೆ ಕೇಳಿದರೂ ಉತ್ತರ ಅಕ್ಷರಶಃ ಹೌದು. ಫೋನ್ ಮಾಡಿಯೇ ತರಿಸುತ್ತಿದ್ದೆವು. ಅದೇ ವರ್ಷದ ಸೆಪ್ಟೆಂಬರ್ 30ರಂದು ಅಮೆರಿಕದ ಎಒಎಲ್ ಸಂಸ್ಥೆ ದಶಕಗಳಿಂದ ನಡೆಸಿಕೊಂಡು ಬಂದಿದ್ದ ತನ್ನ ಡಯಲ್-ಅಪ್ ಸೇವೆಯನ್ನು ನಿಲ್ಲಿಸಿತೆಂದು ಓದಿದ್ದೆ. ಒಂದು ಯುಗ ಮುಗಿದುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನಾನು ಸಮಾಜ ವಿಜ್ಞಾನದ ಮೇಷ್ಟ್ರು, ತಂತ್ರಜ್ಞಾನದವನಲ್ಲ. ಆದರೂ ಮುಗಿದುಹೋದ ಕಾಲವನ್ನು ಬರೆದಿಡುವುದು ನಮ್ಮ ವಿಷಯದವರ ಕರ್ತವ್ಯವೇ ಆದ್ದರಿಂದ ಈ ಬರಹ.

ಮೊದಲು ಡಯಲ್-ಅಪ್ ಎಂದರೇನು ಎಂಬುದನ್ನು ಹೇಳಬೇಕು. ದೂರವಾಣಿಯ ತಂತಿ ಹುಟ್ಟಿದ್ದು ಮನುಷ್ಯನ ಮಾತಿಗಾಗಿ. ಅದರ ಮೂಲಕ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿ ಮಾತ್ರ ಸಾಗುವಂತೆ ವ್ಯವಸ್ಥೆ ಮಾಡಿದ್ದರು. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಆ ತಂತಿಯಲ್ಲಿ ಕಳುಹಿಸಬೇಕಾದರೆ ಅವುಗಳನ್ನು ಧ್ವನಿಯನ್ನಾಗಿ ಪರಿವರ್ತಿಸಬೇಕು. ಆಚೆ ಕಡೆ ಆ ಧ್ವನಿಯನ್ನು ಮತ್ತೆ ಸೊನ್ನೆ-ಒಂದುಗಳನ್ನಾಗಿ ಮಾಡಿಕೊಳ್ಳಬೇಕು. ಈ ಎರಡೂ ಕೆಲಸ ಮಾಡುವ ಉಪಕರಣವೇ ಮೋಡೆಮ್. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆ ಹೊರತಂದ ಬೆಲ್ 103 ಮೋಡೆಮ್ ಸೆಕೆಂಡಿಗೆ 300 ಬಿಟ್‌ಗಳನ್ನು ಸಾಗಿಸುತ್ತಿತ್ತು. 1981ರಲ್ಲಿ ಬಂದ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ಗೆ ಕಂಪ್ಯೂಟರೇ ಆಜ್ಞೆ ಕೊಟ್ಟು ಸಂಖ್ಯೆ ಡಯಲ್ ಮಾಡಿಸಬಹುದಾಗಿತ್ತು. 1998ರಲ್ಲಿ ವಿ.90 ಎಂಬ ಮಾನದಂಡ ಬಂದು ವೇಗ ಸೆಕೆಂಡಿಗೆ 56,000 ಬಿಟ್‌ಗಳಿಗೆ ಏರಿತು. ಅಲ್ಲಿಗೆ ಆ ಏರಿಕೆ ಬಹುಮಟ್ಟಿಗೆ ನಿಂತುಹೋಯಿತು.

ಏಕೆ ನಿಂತಿತು? ದೂರವಾಣಿ ವಿನಿಮಯ ಕೇಂದ್ರವು ನಮ್ಮ ಧ್ವನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆದು, ಪ್ರತಿ ಅಳತೆಯನ್ನೂ ಎಂಟು ಬಿಟ್‌ಗಳಲ್ಲಿ ಬರೆದುಕೊಳ್ಳುತ್ತದೆ. ಗುಣಿಸಿದರೆ 64,000. ಆ ಎಂಟರಲ್ಲಿ ಏಳನ್ನು ಮಾತ್ರ ನೆಚ್ಚಿಕೊಂಡರೆ 56,000. ಮಾತಿಗಾಗಿ ಕಟ್ಟಿದ ದಾರಿಯಲ್ಲಿ ಅದಕ್ಕಿಂತ ಹೆಚ್ಚು ಸಾಗಿಸುವಂತಿರಲಿಲ್ಲ. ಅದೂ ಕಾಗದದ ಮೇಲಿನ ಲೆಕ್ಕ. ನಮ್ಮ ಮನೆಯಲ್ಲಿ ಪರದೆಯ ಮೂಲೆಯ ಪುಟ್ಟ ಚಿತ್ರ 44,000 ಎಂದು ತೋರಿಸಿದ ದಿನ ಮಕ್ಕಳಿಗೆ ಹಬ್ಬ. ಆ ವೇಗದಲ್ಲಿ ಒಂದು ಮೆಗಾಬೈಟಿನ ಒಂದು ಛಾಯಾಚಿತ್ರ ಬಂದು ಸೇರಲು ಮೂರು ನಿಮಿಷಕ್ಕೂ ಹೆಚ್ಚು ಸಮಯ ಬೇಕು. ಚಿತ್ರ ಮೇಲಿನಿಂದ ಕೆಳಗೆ ಪಟ್ಟೆಪಟ್ಟೆಯಾಗಿ ಇಳಿಯುತ್ತಿತ್ತು. ಮೊದಲು ಆಕಾಶ, ಅನಂತರ ಮರ, ಕೊನೆಗೆ ಮನುಷ್ಯರ ಮುಖ!

ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಂಸ್ಥೆ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಆರಂಭಿಸಿದ್ದು 1995ರ ಆಗಸ್ಟ್ 15ರಂದು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಅವಕಾಶ ದೊರೆಯಿತು. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ರೂಪುಗೊಂಡಿತು. ಇದರ ನಡುವೆ, 1996ರಲ್ಲಿ, ಡಾ. ಯು. ಬಿ. ಪವನಜ ಅವರು 'ವಿಶ್ವಕನ್ನಡ' ಎಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯನ್ನು ಹೊರತಂದಿದ್ದರು. ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು 2002ರಲ್ಲಿ, ಮಗ ಎಂಜಿನಿಯರಿಂಗ್ ಸೇರಿದಾಗ. ಭವಿಷ್ಯನಿಧಿಯಿಂದ ಸಾಲ ತೆಗೆದು ಕೊಂಡಿದ್ದೆ. ನಡುಮನೆಯ ಮೂಲೆಯಲ್ಲಿ, ದೂರವಾಣಿಯ ಪಕ್ಕದಲ್ಲಿಯೇ ಅದನ್ನು ಪ್ರತಿಷ್ಠಾಪಿಸಿದೆವು. ಬೇರೆಡೆ ಇಡುವಂತಿರಲಿಲ್ಲ, ತಂತಿ ಇದ್ದುದು ಅಲ್ಲಿಗೇ.

172 ಎಂದು ಆರಂಭವಾಗುವ ಒಂದು ಸಂಖ್ಯೆಗೆ ಮೋಡೆಮ್ ಡಯಲ್ ಮಾಡುತ್ತಿತ್ತು. ಅನಂತರದ ಆ ಕಿರುಚಾಟವನ್ನು ಕೇಳಿದವರು ಮರೆತಿರಲಾರರು. ಎರಡೂ ಕಡೆಯ ಮೋಡೆಮ್‌ಗಳು ಪರಸ್ಪರರ ಧ್ವನಿಯನ್ನು ಅಳೆದು, ಎಷ್ಟು ವೇಗದಲ್ಲಿ ಮಾತನಾಡೋಣ ಎಂದು ಒಪ್ಪಂದ ಮಾಡಿಕೊಳ್ಳುತ್ತಿದ್ದ ಸದ್ದು ಅದು. ಒಪ್ಪಂದವಾದ ಕೂಡಲೇ ಮೌನ. ಆ ಮೌನದ ಕ್ಷಣದಿಂದ ಎರಡು ಲೆಕ್ಕಗಳು ಓಡತೊಡಗುತ್ತಿದ್ದವು: ಒಂದು ಅಂತರಜಾಲದ ಗಂಟೆಗಳ ಲೆಕ್ಕ, ಇನ್ನೊಂದು ದೂರವಾಣಿ ಕರೆಯ ಲೆಕ್ಕ. ಮೂರನೆಯ ಲೆಕ್ಕವೊಂದಿತ್ತು. ಅದು ನಮಗೆ ತಿಳಿದದ್ದು ತಡವಾಗಿ.

2003ರ ಶ್ರಾವಣದ ಒಂದು ಸಂಜೆ. ಮಗ ಕಾಲೇಜಿನ ಕೆಲಸಕ್ಕಾಗಿ ಯಾವುದೋ ಕಡತವನ್ನು ಇಳಿಸಿಕೊಳ್ಳುತ್ತಿದ್ದ. ಅವನ ಸರದಿ ಮುಗಿದ ಮೇಲೆ ಮಗಳು ಕುಳಿತಳು. ಹೀಗೆ ಏಳರಿಂದ ಒಂಬತ್ತರವರೆಗೆ ತಂತಿ ಬಿಡುವಿಲ್ಲದೆ ನಡೆದಿತ್ತು. ಅದೇ ವೇಳೆಗೆ ಹಳ್ಳಿಯ ಮನೆಯಲ್ಲಿ ನನ್ನ ತಂದೆಯವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ತಮ್ಮ ನಮ್ಮ ಮನೆಗೆ ಮತ್ತೆ ಮತ್ತೆ ಫೋನ್ ಮಾಡಿದ. ಪ್ರತಿ ಬಾರಿಯೂ ಎಂಗೇಜ್. ನಮ್ಮ ಮನೆಯಲ್ಲಿ ಆಗ ಮೊಬೈಲ್ ಇರಲಿಲ್ಲ. ಕೊನೆಗೆ ಪಕ್ಕದ ಮನೆಯವರ ಸಂಖ್ಯೆ ನೆನಪಾಗಿ ಅಲ್ಲಿಗೆ ಮಾಡಿದ. ಅವರು ಓಡಿಬಂದು ಹೇಳಿದಾಗ ಒಂಬತ್ತು ಗಂಟೆ ಸಮೀಪಿಸಿತ್ತು. ನಾನು ಶಿವಮೊಗ್ಗದ ಆಸ್ಪತ್ರೆ ತಲುಪಿದಾಗ ನಡುರಾತ್ರಿ. ತಮ್ಮ ನನ್ನನ್ನು ಬೈಯಲಿಲ್ಲ. "ಯಾರ ಹತ್ತಿರ ಅಷ್ಟು ಹೊತ್ತು ಮಾತಾಡ್ತಿದ್ದೆ ಅಣ್ಣ?" ಎಂದು ಮಾತ್ರ ಕೇಳಿದ. ಯಾರ ಹತ್ತಿರವೂ ಮಾತನಾಡುತ್ತಿರಲಿಲ್ಲ ಎಂದು ಹೇಗೆ ಹೇಳಲಿ?

ಅಪ್ಪ ಚೇತರಿಸಿಕೊಂಡರು. ಆದರೆ ಆ ಎರಡು ಗಂಟೆ ನೋವಿನಲ್ಲಿ ಮಲಗಿ "ದೊಡ್ಡವನಿಗೆ ತಿಳಿಸಿದಿರಾ" ಎಂದು ಕೇಳುತ್ತಿದ್ದರಂತೆ. ಮರುದಿನವೇ ನಾನು ಮನೆಯಲ್ಲಿ ಕಟ್ಟಾಜ್ಞೆ ಮಾಡಿದೆ: ಇನ್ನು ದಿನಕ್ಕೆ ಒಂದೇ ಗಂಟೆ, ರಾತ್ರಿ ಎಂಟರಿಂದ ಒಂಬತ್ತು, ಅದನ್ನು ಇಬ್ಬರೂ ಹಂಚಿಕೊಳ್ಳತಕ್ಕದ್ದು. ಫಲಿತಾಂಶ ನೀವು ಊಹಿಸಬಲ್ಲಿರಿ. ಅರ್ಧ ಗಂಟೆಯಲ್ಲಿ ಮಗನ ಕಡತ ಮುಗಿಯದು. ಮಗಳು ಗಡಿಯಾರ ಹಿಡಿದು ನಿಲ್ಲುವಳು. ನಿತ್ಯ ಎಂಟೂವರೆಗೆ ನಮ್ಮ ನಡುಮನೆ ಕುರುಕ್ಷೇತ್ರವಾಗುತ್ತಿತ್ತು.

ಈ ಬಿಕ್ಕಟ್ಟಿಗೆ ಪರಿಹಾರ ತಂದವನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ನನ್ನ ಅಕ್ಕನ ಮಗ. 2004ರ ದಸರೆಗೆ ಬಂದಾಗ ಜಗಳ ನೋಡಿ ನಕ್ಕು, "ಮಾವ, ಒಂದು ಗಂಟೆಯನ್ನು ಅರ್ಧ ಮಾಡುವುದೇಕೆ? ಇಬ್ಬರೂ ಪೂರ್ತಿ ಗಂಟೆ ಬಳಸಲಿ" ಎಂದ. ತಂತಿಯೊಂದೇ ಇರುವಾಗ ಅದು ಹೇಗೆ ಸಾಧ್ಯವೆಂದು ಕೇಳಿದೆ. ಅವನು ಮೇಜಿನ ಮೇಲಿದ್ದ ದಿನಪತ್ರಿಕೆಯತ್ತ ಕೈತೋರಿಸಿದ. "ನಿಮ್ಮನೆಗೆ ಪೇಪರ್ ಒಂದೇ. ಬೆಳಿಗ್ಗೆ ನೀವು ಮೊದಲ ಹಾಳೆ ಓದುವಾಗ ಅತ್ತೆ ಕೊನೆಯ ಹಾಳೆ ಓದುತ್ತಾರೆ. ಯಾರೂ ಅರ್ಧ ಗಂಟೆ ಕಾಯುವುದಿಲ್ಲವಲ್ಲ?"

ಈ ಮಾತಿನ ಒಳಗೆ ಅಂತರಜಾಲದ ಇಡೀ ತತ್ತ್ವ ಅಡಗಿದೆಯೆಂದು ನನಗೆ ತಿಳಿದದ್ದು ವರ್ಷಗಳ ಅನಂತರ ಅದರ ಚರಿತ್ರೆಯನ್ನು ಓದಿದಾಗ. ಒಂದು ಪುಟವನ್ನು ತರಿಸಿಕೊಂಡವನು ಅದನ್ನು ಓದುವಷ್ಟು ಹೊತ್ತು ತಂತಿಯಲ್ಲಿ ಏನೂ ಸಾಗುತ್ತಿರುವುದಿಲ್ಲ. ತಂತಿ ಹಿಡಿದಿಟ್ಟಿರುತ್ತದೆ, ಹಣ ಓಡುತ್ತಿರುತ್ತದೆ, ಹೊರಗಿನವರಿಗೆ ಎಂಗೇಜ್ ಕೇಳಿಸುತ್ತಿರುತ್ತದೆ. ಆದರೆ ಒಳಗೆ ದಾರಿ ಖಾಲಿ. ಆ ಖಾಲಿ ಕ್ಷಣಗಳಲ್ಲಿ ಇನ್ನೊಬ್ಬರ ಪುಟವನ್ನು ತರಿಸಿದರೆ ಯಾರಿಗೂ ನಷ್ಟವಿಲ್ಲ. 1960ರ ದಶಕದಲ್ಲಿ ಅಮೆರಿಕದ ಪಾಲ್ ಬ್ಯಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಪ್ರತ್ಯೇಕವಾಗಿ ಕಂಡುಕೊಂಡದ್ದು ಇದನ್ನೇ ಆಧರಿಸಿದ ವ್ಯವಸ್ಥೆಯನ್ನು: ಸಂದೇಶವನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಒಡೆದು ಕಳುಹಿಸಿದರೆ ಒಂದೇ ದಾರಿಯನ್ನು ಅನೇಕರು ಒಟ್ಟಿಗೆ ಬಳಸಬಹುದು. ಆ ಪೊಟ್ಟಣಕ್ಕೆ 'ಪ್ಯಾಕೆಟ್' ಎಂಬ ಹೆಸರಿಟ್ಟವರು ಡೇವಿಸ್. ದೂರವಾಣಿಯ ಕರೆ ಇಡೀ ದಾರಿಯನ್ನು ಒಬ್ಬರಿಗೇ ಕಾದಿರಿಸುತ್ತದೆ. ಪ್ಯಾಕೆಟ್ ಹಾಗೆ ಮಾಡುವುದಿಲ್ಲ. ಡಯಲ್-ಅಪ್‌ನಲ್ಲಿ ಇವೆರಡೂ ಒಂದರ ಮೇಲೊಂದು ಕುಳಿತಿದ್ದವು. ಮನೆಯ ಒಳಗಡೆ ಹಂಚಿಕೊಂಡಾಗ ಮಾತ್ರ ಪ್ಯಾಕೆಟ್ಟಿನ ಪ್ರಯೋಜನ ನಮಗೂ ಸಿಗುತ್ತಿತ್ತು.

ತಂತಿಯಿಲ್ಲದೆ ಹಂಚಿಕೊಳ್ಳುವ ಕಥೆಯೂ ಹಳೆಯದೇ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಏಬ್ರಮ್‌ಸನ್ ಮತ್ತು ಅವರ ಸಂಗಡಿಗರು ದ್ವೀಪಗಳ ನಡುವೆ ರೇಡಿಯೋ ಅಲೆಗಳ ಮೂಲಕ ಕಂಪ್ಯೂಟರ್ ಸಂಪರ್ಕ ಸ್ಥಾಪಿಸಿದರು. ಅದರ ಹೆಸರು ಅಲೋಹಾನೆಟ್. ಎಲ್ಲರೂ ಒಂದೇ ಅಲೆಯಲ್ಲಿ ಮಾತನಾಡಬಹುದು. ಇಬ್ಬರ ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಸುಮ್ಮನಾಗಿ, ಬೇರೆ ಬೇರೆ ಹೊತ್ತು ಕಾದು, ಮತ್ತೆ ಹೇಳಬೇಕು. 1985ರಲ್ಲಿ ಅಮೆರಿಕ ಸರ್ಕಾರದ ಸಂವಹನ ಆಯೋಗವು ಕೆಲವು ತರಂಗಪಟ್ಟಿಗಳನ್ನು ಪರವಾನಗಿಯಿಲ್ಲದ ಸಂಪರ್ಕಕ್ಕೆ ತೆರೆಯಿತು. ಅಂಗಡಿಗಳ ಬಿಲ್ ಯಂತ್ರ ತಯಾರಿಸುತ್ತಿದ್ದ ಎನ್‌ಸಿಆರ್ ಕಂಪನಿ, ಆ ಯಂತ್ರಗಳನ್ನು ತಂತಿಯಿಲ್ಲದೆ ಜೋಡಿಸಬಹುದೇ ಎಂದು ತನ್ನ ನೆದರ್ಲೆಂಡ್ಸ್ ಕೇಂದ್ರದಲ್ಲಿ ಪ್ರಯತ್ನಿಸಿತು. ಆ ಕೇಂದ್ರದ ವಿಕ್ ಹೇಯ್ಸ್ ಅವರ ಅಧ್ಯಕ್ಷತೆಯ ಸಮಿತಿ 1997ರಲ್ಲಿ 802.11 ಎಂಬ ಮಾನದಂಡವನ್ನು ಸಿದ್ಧಪಡಿಸಿತು. 1999ರಲ್ಲಿ ಅದರ ಸುಧಾರಿತ ರೂಪ ಬಂದು, ಸೆಕೆಂಡಿಗೆ 1.1 ಕೋಟಿ ಬಿಟ್‌ಗಳ ವೇಗ ಸಾಧ್ಯವಾಯಿತು. 'ವೈ-ಫೈ' ಎಂಬ ಹೆಸರೂ ಅದೇ ವರ್ಷದ್ದು.

ಇಲ್ಲಿ ಒಂದು ಸ್ವಾರಸ್ಯವಿದೆ. 1999ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಬುಕ್ ಎಂಬ ಹೊಸ ಲ್ಯಾಪ್‌ಟಾಪನ್ನು ಪ್ರದರ್ಶಿಸಿದರು. ವೇದಿಕೆಯ ಮೇಲೆ ಅದನ್ನು ಕೈಯಲ್ಲಿ ಹಿಡಿದು, ಅಂತರಜಾಲದ ಪುಟ ತೆರೆದಿರುವಾಗಲೇ, ಮಕ್ಕಳು ಸೊಂಟಕ್ಕೆ ಹಾಕಿ ತಿರುಗಿಸುವ ಬಳೆಯೊಂದರ ನಡುವೆ ತೂರಿಸಿ ತೋರಿಸಿದರು. ಜಾದೂಗಾರರಂತೆ, ನೋಡಿ ತಂತಿ ಇಲ್ಲ! ಅದರ ಜೊತೆಗೆ 299 ಡಾಲರಿಗೆ ಮಾರಾಟಕ್ಕಿಟ್ಟ ಏರ್‌ಪೋರ್ಟ್ ಎಂಬ ನಿಸ್ತಂತು ಪೆಟ್ಟಿಗೆಯ ಹೊಟ್ಟೆಯಲ್ಲಿ ಏನಿತ್ತು ಗೊತ್ತೆ? ಒಂದು 56ಕೆ ಡಯಲ್-ಅಪ್ ಮೋಡೆಮ್! ಮನೆಯೊಳಗೆ ಗಾಳಿಯಲ್ಲಿ 1.1 ಕೋಟಿ ಬಿಟ್. ಮನೆಯಾಚೆ ತಂತಿಯಲ್ಲಿ 56 ಸಾವಿರ ಬಿಟ್. ಸುಮಾರು 200 ಪಟ್ಟು ಅಂತರ. ಇಂದು ಕೇಳಿದರೆ ನಗು ಬರುತ್ತದೆ. ಆದರೆ ಅಂದಿನ ಸಾಮಾನ್ಯ ಮನೆಗೆ ಅಂತರಜಾಲ ಬರುತ್ತಿದ್ದುದು ದೂರವಾಣಿಯ ತಂತಿಯಿಂದಲೇ. ಮನೆಗಳಿಗೆ ವೈ-ಫೈ ಕಾಲಿಟ್ಟದ್ದು ವೇಗಕ್ಕಾಗಿ ಅಲ್ಲ. ಇದ್ದ ಒಂದು ಸಣ್ಣ ಧಾರೆಯನ್ನು ಹಲವು ಕೋಣೆಗಳಿಗೆ ಹಂಚುವುದಕ್ಕಾಗಿ.

ನಮ್ಮ ಮನೆಗೆ ಏರ್‌ಪೋರ್ಟ್ ಬರಲಿಲ್ಲ. ಅಕ್ಕನ ಮಗ ತಂದದ್ದು ಬೆರಳುದ್ದದ ಎರಡು ಯುಎಸ್‌ಬಿ ನಿಸ್ತಂತು ಉಪಕರಣಗಳನ್ನು. ಜೊತೆಗೆ ತನ್ನ ಹಳೆಯ ಕಂಪ್ಯೂಟರನ್ನೂ ಕೊಟ್ಟ. ಕೇಬಲ್ ಎಳೆದರೆ ಅಗ್ಗವಾಗುತ್ತಿತ್ತು. ಆದರೆ ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ಹಳೆಯ ಮನೆ. ಗೋಡೆ ಕೊರೆಯಲು ನನ್ನ ಶ್ರೀಮತಿ ಒಪ್ಪಲಿಲ್ಲ. 2.4 ಗಿಗಾಹರ್ಟ್ಸ್ ತರಂಗಗಳನ್ನು ಮನೆಯೊಳಗೆ ಪರವಾನಗಿಯಿಲ್ಲದೆ ಬಳಸಲು ನಮ್ಮ ಸರ್ಕಾರ 2002ರಲ್ಲಿ ಅನುಮತಿ ನೀಡಿತ್ತು. 2005ರ ಜನವರಿಯಲ್ಲಿ ಹೊರಾಂಗಣಕ್ಕೂ ಅದು ವಿಸ್ತರಿಸಿತು. ಅಂತೂ ನಾವು ಕಾನೂನಿನ ಒಳಗೇ ಇದ್ದೆವು.

ನಡುಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಇತ್ತು. ಸಂಪರ್ಕವನ್ನು ಹಂಚುವ ಸೌಲಭ್ಯ ವಿಂಡೋಸ್‌ನಲ್ಲಿ 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಿಂದಲೇ ಬಂದಿತ್ತು. ಒಂದು ಚೌಕಕ್ಕೆ ಗುರುತು ಹಾಕಿದರೆ ಸಾಕು, ಆ ಕಂಪ್ಯೂಟರ್ 192.168.0.1 ಎಂಬ ವಿಳಾಸ ಪಡೆದು ಮನೆಯ ಯಜಮಾನನಾಗುತ್ತಿತ್ತು. ಕೋಣೆಯ ಕಂಪ್ಯೂಟರಿಗೆ ಅದೇ ಸಾಲಿನ ಇನ್ನೊಂದು ವಿಳಾಸ. ಹೊರಜಗತ್ತಿಗೆ ಮಾತ್ರ ಇಡೀ ಮನೆಗೆ ಒಂದೇ ವಿಳಾಸ. ಇದನ್ನು ನಾನು ಅರ್ಥ ಮಾಡಿಕೊಂಡದ್ದು ನಮ್ಮ ಶಾಲೆಯ ಕಚೇರಿಯ ಆವಕ-ಜಾವಕ ಪುಸ್ತಕದಿಂದ. ಪತ್ರ ಯಾವ ಶಿಕ್ಷಕರು ಬರೆದರೂ ಹೊರಗೆ ಹೋಗುವುದು ಶಾಲೆಯ ವಿಳಾಸದಿಂದ. ಗುಮಾಸ್ತರು ಸಂಖ್ಯೆ ಹಾಕಿ ಬರೆದಿಟ್ಟುಕೊಳ್ಳುತ್ತಾರೆ. ಉತ್ತರ ಬಂದಾಗ ಸಂಖ್ಯೆ ನೋಡಿ ಆಯಾ ಶಿಕ್ಷಕರಿಗೆ ತಲುಪಿಸುತ್ತಾರೆ. ಈ ಉಪಾಯವನ್ನು 1994ರಲ್ಲಿ ವಿವರಿಸಿದವರ ಉದ್ದೇಶ ಬೇರೆಯಿತ್ತು. ಅಂತರಜಾಲದಲ್ಲಿದ್ದುದು ಒಟ್ಟು ಸುಮಾರು 430 ಕೋಟಿ ವಿಳಾಸಗಳು. ಅವು ಮುಗಿದುಹೋಗುವ ಭಯಕ್ಕೆ ಕಂಡುಕೊಂಡ ತಾತ್ಕಾಲಿಕ ಪರಿಹಾರ ಅದು. ಅದೇ ಉಪಾಯ ಇಂದಿಗೂ ಕೋಟಿ ಕೋಟಿ ಮನೆಗಳಲ್ಲಿ ಕೆಲಸ ಮಾಡುತ್ತಿದೆ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಭಾವಿಸಬೇಡಿ. ಮಣ್ಣಿನ ಗೋಡೆ ಅಲೆಗಳನ್ನು ನುಂಗುತ್ತಿತ್ತು. ಉಪಕರಣವನ್ನು ಉದ್ದನೆಯ ವೈರಿನಿಂದ ಬಾಗಿಲ ಚೌಕಟ್ಟಿಗೆ ನೇತುಹಾಕಿದ ಮೇಲೆಯೇ ಕೋಣೆಗೆ ಸಂಪರ್ಕ ದಕ್ಕಿದ್ದು. ನಡುಮನೆಯ ಕಂಪ್ಯೂಟರ್ ಆರಿದರೆ ಕೋಣೆಯದೂ ಅನಾಥ. ಕೋಣೆಯ ಯಂತ್ರ ಏನನ್ನಾದರೂ ಬೇಡಿದ ಕೂಡಲೇ ನಡುಮನೆಯ ಯಂತ್ರ ಯಾರನ್ನೂ ಕೇಳದೆ ಡಯಲ್ ಮಾಡುವ ವ್ಯವಸ್ಥೆಯಿತ್ತು. ಒಮ್ಮೆ ಎರಡನ್ನೂ ಆರಿಸದೆ ಮಲಗಿದ್ದೆವು. ರಾತ್ರಿ ಎರಡು ಗಂಟೆಗೆ ಮೋಡೆಮ್ ತಾನಾಗಿ ಕಿರುಚಿಕೊಂಡಿತು. ಕಳ್ಳರು ಬಂದರೆಂದು ನಾನು ಕೋಲು ಹಿಡಿದು ಹೋದೆ! ಮಲೆನಾಡಿನ ಗುಡುಗು-ಸಿಡಿಲಂತೂ ಮೋಡೆಮ್‌ಗಳ ಯಮ. ಫೋನಿನ ತಂತಿಯಲ್ಲಿ ಮಿಂಚು ನುಗ್ಗಿ ನಮ್ಮದೊಂದು ಸುಟ್ಟುಹೋಯಿತು. ಆಮೇಲೆ ಮೋಡ ಕಂಡೊಡನೆ ತಂತಿ ಕೀಳುವ ಹೊಣೆ ಶ್ರೀಮತಿಯದಾಯಿತು.

ಆದರೂ ಲೆಕ್ಕ ಗೆದ್ದಿತು. ಮಕ್ಕಳಿಬ್ಬರೂ ಎಂಟು ಗಂಟೆಗೆ ತಮ್ಮ ತಮ್ಮ ಯಂತ್ರದ ಮುಂದೆ ಕೂರುತ್ತಿದ್ದರು. ಒಬ್ಬರು ಓದುವಾಗ ಇನ್ನೊಬ್ಬರ ಪುಟ ಬರುತ್ತಿತ್ತು. ಇಬ್ಬರೂ ಏಕಕಾಲಕ್ಕೆ ದೊಡ್ಡ ಕಡತ ಇಳಿಸಿಕೊಂಡರೆ ಮಾತ್ರ ವೇಗ ಇಬ್ಭಾಗವಾಗುತ್ತಿತ್ತು. ಆಗ ಕೋಣೆಯಿಂದ ಕೂಗು ಕೇಳುತ್ತಿತ್ತು: "ಅಣ್ಣಾ, ಐದು ನಿಮಿಷ ನಿಲ್ಲಿಸೋ!" ಅವನು ನಿಲ್ಲಿಸುತ್ತಿದ್ದ. ಹಿಂದೆ ಗಡಿಯಾರ ಹಿಡಿದು ಜಗಳವಾಡಿದವರು ಈಗ ಕೇಳಿ ಪಡೆಯುವುದನ್ನು ಕಲಿತಿದ್ದರು. 2005ರ ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನಿಮ್ಮಲ್ಲಿ ಹಲವರು ನಮ್ಮ ಜಗಲಿಯಲ್ಲಿ ಸಾಲುಗಟ್ಟಿ ನಿಂತಿದ್ದು ನೆನಪಿದೆಯೆ? ನಡುಮನೆಯಲ್ಲಿ ಒಬ್ಬರ ನೋಂದಣಿ ಸಂಖ್ಯೆ, ಕೋಣೆಯಲ್ಲಿ ಇನ್ನೊಬ್ಬರದು. ಒಬ್ಬ ಹುಡುಗನ ಅಂಕಗಳನ್ನು ಕಾಗದಕ್ಕೆ ಬರೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬಳ ಪುಟ ತೆರೆದಿರುತ್ತಿತ್ತು. ಅಂದು ಅತ್ತವರೂ ಇದ್ದರು, ಕುಣಿದವರೂ ಇದ್ದರು. ಅತ್ತವರಲ್ಲಿ ಒಬ್ಬ ಇಂದು ನನಗಿಂತ ಒಳ್ಳೆಯ ಶಿಕ್ಷಕನಾಗಿದ್ದಾನೆ.

2004ರ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ ಬ್ರಾಡ್‌ಬ್ಯಾಂಡ್ ಸೇವೆಯನ್ನು ಆರಂಭಿಸಿತು. ಅದೇ ತಾಮ್ರದ ತಂತಿಯಲ್ಲಿ, ಮಾತಿಗೆ ಮೀಸಲಾದ ಕಂಪನಗಳ ಮೇಲ್ಗಡೆಯ ಜಾಗವನ್ನು ಬಳಸುವ ತಂತ್ರ ಅದು. ಹೀಗಾಗಿ ಅಂತರಜಾಲ ನಡೆಯುತ್ತಿರುವಾಗಲೂ ಫೋನ್ ರಿಂಗಾಗುತ್ತದೆ. ಅದು ನಮ್ಮ ಮನೆಗೆ ಬಂದದ್ದು ಇನ್ನೆರಡು ವರ್ಷ ತಡವಾಗಿ. ಬಂದ ದಿನ ಮಕ್ಕಳು ವೇಗ ನೋಡಿ ಸಂಭ್ರಮಿಸಿದರು. ನಾನು ಪಕ್ಕದ ಮನೆಗೆ ಹೋಗಿ ನಮ್ಮ ಸಂಖ್ಯೆಗೆ ಫೋನ್ ಮಾಡಿ ನೋಡಿದೆ. ರಿಂಗಾಯಿತು. ಅಷ್ಟು ಸಾಕಾಗಿತ್ತು ನನಗೆ.

ಅದಕ್ಕೂ ಹಿಂದಿನ ಆ ಎರಡು ವರ್ಷಗಳಲ್ಲಿ ಅಪ್ಪನಿಗೂ ನಮ್ಮ ವೇಳಾಪಟ್ಟಿ ಬಾಯಿಪಾಠವಾಗಿತ್ತು. ಒಂಬತ್ತು ಹೊಡೆದು ಐದು ನಿಮಿಷಕ್ಕೆ ಸರಿಯಾಗಿ ಹಳ್ಳಿಯಿಂದ ಫೋನ್ ಬರುತ್ತಿತ್ತು. ಎತ್ತಿದರೆ ಮೊದಲ ಮಾತೇ, "ಏನಪ್ಪಾ, ನಿಮ್ಮ ಕಂಪ್ಯೂಟರ್ ಮಲಗಿತಾ?" ಮಲಗಿತು ಎನ್ನುತ್ತಿದ್ದೆ. ಆಮೇಲೆ ಅಡಿಕೆ ಕೊನೆಯ ಸಂಗತಿ, ಮಳೆಯ ಸಂಗತಿ, ಮೊಮ್ಮಕ್ಕಳ ಓದಿನ ಸಂಗತಿ. 2009ರಲ್ಲಿ ಅವರು ತೀರಿಕೊಳ್ಳುವವರೆಗೂ, ಬ್ರಾಡ್‌ಬ್ಯಾಂಡ್ ಬಂದ ಮೇಲೂ, ಅವರು ಒಂಬತ್ತು ಐದಕ್ಕೇ ಫೋನ್ ಮಾಡಿದರು. ಈಗ ಯಾವಾಗ ಬೇಕಾದರೂ ಮಾಡಬಹುದು ಅಪ್ಪ ಎಂದು ಹೇಳಿದ್ದೆ. "ಇರಲಿ ಬಿಡು, ಮಕ್ಕಳು ಓದಿಕೊಳ್ಳಲಿ" ಎನ್ನುತ್ತಿದ್ದರು.

ಇದನ್ನೆಲ್ಲ ಮೊಮ್ಮಗನಿಗೆ ಹೇಳಿದೆ. ಅವನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದ್ದ ಸುಟ್ಟ ಮೋಡೆಮನ್ನು ನೋಡಬೇಕೆಂದ. ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದನ್ನು ನಾನು ಇಟ್ಟುಕೊಳ್ಳಲಾ ಅಜ್ಜ?" ಎಂದ. ಕೊಟ್ಟಿದ್ದೇನೆ. ನಿಮ್ಮ ನಿಮ್ಮ ಮನೆಗಳಲ್ಲೂ ಇಂತಹ ನೆನಪುಗಳಿದ್ದರೆ ಬರೆದು ಕಳುಹಿಸಿ. ಹಳೆಯ ಮೇಷ್ಟ್ರು ಸಂತೋಷದಿಂದ ಓದುತ್ತಾನೆ.